ಎತ್ತಿಟ್ಟ ಮೊಣಕಾಲು

ನಾನು ಒಂದು ಮೊಣಕಾಲು. ತಾಯಿಯ ಹೊಟ್ಟೆಯಿಂದ ಬಂದದ್ದಲ್ಲ, ಕಾರ್ಖಾನೆಯಲ್ಲಿ ತಯಾರಾದದ್ದು. ಹಾಗೆಂದು ನನ್ನನ್ನು ಹಗುರವಾಗಿ ಕಾಣಬೇಡಿ. ಕೋಬಾಲ್ಟ್, ಕ್ರೋಮಿಯಂ ಕರಗಿಸಿ ಅಚ್ಚಿಗೆ ಹೊಯ್ದು, ಮುಖ ಕಾಣುವಷ್ಟು ಉಜ್ಜಿ ನನ್ನ ಮೇಲ್ಭಾಗ ಮಾಡಿದರು. ಕೆಳಗೊಂದು ಲೋಹದ ತಟ್ಟೆ, ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಸವೆಯುವುದೇನಿದ್ದರೂ ಮೊದಲು ಆ ಬಿಲ್ಲೆಯೇ. ನನ್ನ ಜೊತೆ ತಯಾರಾದ ಒಂದನ್ನು ಯಂತ್ರಕ್ಕೆ ಸಿಕ್ಕಿಸಿ ಲಕ್ಷಗಟ್ಟಲೆ ಹೆಜ್ಜೆ ಹಾಕಿಸಿದರು. ಅದು ಕಿಮಕ್ಕೆನ್ನಲಿಲ್ಲ. ನಾನೂ ಅದೇ ಕುಲದವನು.

ಪೆಟ್ಟಿಗೆಯಲ್ಲಿ ಕೆಲವು ತಿಂಗಳು ಮಲಗಿದ್ದು, ಗದಗಿನ ಒಂದು ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟೆ. ನನ್ನನ್ನು ಕೂರಿಸಿದ್ದು ಸಾವಂತ್ರವ್ವನ ಬಲಗಾಲಿಗೆ. ವಯಸ್ಸು ಐವತ್ತೇಳು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಸಹಾಯಕಿಯಾಗಿ, ಊರ ಮಕ್ಕಳ ಜೊತೆ ನೆಲದ ಮೇಲೆ ಕೂತು ಎದ್ದು ತನ್ನ ಮೊಣಕಾಲನ್ನು ಪೂರಾ ತೇಯ್ದುಕೊಂಡಿದ್ದಳು.

ಮನೆಗೆ ಹೊರಡುವ ದಿನ ಡಾಕ್ಟರನ್ನು ಕೇಳಿದಳು. "ಎಷ್ಟ ವರ್ಷ ಬರ್ತದ್ರಿ ಇದು?"

"ಭಾಳ ಮಂದಿಗೆ ಹದಿನೈದು ಇಪ್ಪತ್ತು ವರ್ಷ ಬರ್ತದ್ರಿ ಅಮ್ಮಾ. ಇನ್ನೂ ಹೆಚ್ಚಿಗಿ ಬಂದದ್ದೂ ಅದ. ಕುಕ್ಕರಗಾಲಿಲೆ ಕುಂದ್ರಬ್ಯಾಡ್ರಿ, ಜಿಗೀಬ್ಯಾಡ್ರಿ. ನಡೀರಿ, ಛಲೋ ನಡೀರಿ."

ಅವಳ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ.

ಸಾವಂತ್ರವ್ವನ ಮನೆಯಲ್ಲಿ ಸ್ಟೀಲು ಪಾತ್ರೆಗಳು ಅಂಗಡಿಯ ಚೀಟಿ ಸಮೇತ ಅಟ್ಟದ ಮೇಲಿದ್ದವು. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಚೀಲ. ಹತ್ತು ವರ್ಷದ ಹಿಂದಿನ ಇಳಕಲ್ ಸೀರೆ ಮಡಿಕೆ ಬಿಚ್ಚದೆ ಟ್ರಂಕಿನಲ್ಲಿತ್ತು. ನಾನೂ ಆ ಸಾಲಿಗೆ ಸೇರಿದೆ. ಮಂಚದ ಮೇಲೆ ಕಾಲು ನೀಡುವ, ಮಡಚುವ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ನಡೆಯುವುದು ಮಾತ್ರ ಬಂದ್. ಕಾಯಿಪಲ್ಯ ಬಾಗಿಲಿಗೇ ಬರಬೇಕು, ನೀರಿನ ತಂಬಿಗೆ ಕೈಗೇ ಬರಬೇಕು. ಗಂಡ ಫಕೀರಪ್ಪ ಬಸ್ ಡ್ರೈವರ್ ಆಗಿದ್ದು ನಿವೃತ್ತನಾದವನು. "ಹೊಸಾ ಟಾಯರ್ ಹಾಕಿ ಬಸ್ಸನ್ನ ಡಿಪೋದಾಗ ನಿಲ್ಲಿಸಿದಂಗಾತು ನಿಂದು" ಎಂದು ಗೊಣಗುತ್ತಲೇ ತಂಬಿಗೆ ತಂದುಕೊಡುತ್ತಿದ್ದ.

ನನಗೆ ಸಿಟ್ಟು ಬರುತ್ತಿತ್ತು. ನಾನು ನಡೆಯಲು ಹುಟ್ಟಿದವನು. ನನ್ನ ಸುತ್ತಲಿನ ಸ್ನಾಯುಗಳು ಸೊರಗುತ್ತಿದ್ದವು, ಇವಳು ನನ್ನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದಳು. ಹೀಗೆ ಮೂರು ವರ್ಷ ಹಾಳಾದವು.

ಒಂದು ಭಾನುವಾರ ಮಗಳು ಸುನಂದಾ ಹಾವೇರಿಯಿಂದ ಬಂದಳು. ಮೂವತ್ತಾರು ವಯಸ್ಸು, ಮದುವೆಯಾಗಿ ಹನ್ನೊಂದು ವರ್ಷ. ಅಪ್ಪ ತಟ್ಟೆ ತರುವುದು, ಅವ್ವ ಕುರ್ಚಿ ಬಿಟ್ಟು ಏಳದಿರುವುದು ನೋಡಿ ರೇಗಿದಳು.

"ಆಪರೇಷನ್ ಯಾಕ ಮಾಡಿಸ್ಕೊಂಡಿ ಮತ್ತ? ಯಾರ ಸಲುವಾಗಿ ಇಟ್ಟೀ ಈ ಕಾಲ?"

"ನಿನ್ನ ಸಲುವಾಗಿ" ಎಂದಳು ಸಾವಂತ್ರವ್ವ. "ನಿನ್ನ ಬಾಣಂತನಕ್ಕ ಇಟ್ಟೀನಿ. ಕೂಸಿಗೆ ಎರೀಬೇಕಾದ್ರ ಕಾಲು ಚಾಚಿ, ಅದರ ಮ್ಯಾಲ ಮಲಗಿಸ್ಕೋಬೇಕು. ಈಗಽ ಸವಿಸಿ ಕುಂತ್ರ ಆವಾಗ ಏನ ಮಾಡ್ಲಿ?"

ದಿನವೂ ಮಂಚದ ಮೇಲೆ ಕಾಲು ನೀಡಿ ನೀಡಿ ನೋಡುತ್ತಿದ್ದುದು ಯಾತಕ್ಕೆಂದು ಆಗ ನನಗೆ ಗೊತ್ತಾಯಿತು. ಮೂರು ವರ್ಷ ಬೈದುಕೊಂಡದ್ದಕ್ಕೆ ನಾಚಿಕೆಯೂ ಆಯಿತು.

ಸುನಂದಾ ನೆಲದ ಮೇಲೆ ಕೂತುಬಿಟ್ಟಳು. ಅವಳ ಮುಖ ನನ್ನ ಎದುರಿಗೇ ಇತ್ತು.

"ಅವ್ವಾ, ನನಗ ಕೂಸಾಗಂಗಿಲ್ಲ. ಗರ್ಭಚೀಲದಾಗ ಗಡ್ಡಿ ಬೆಳದಾವ, ಚೀಲಾನಽ ತೆಗೀಬೇಕಂತ. ಬರೂ ತಿಂಗಳ ಆಪರೇಷನ್. ನೀ ಓಡಿ ಬಂದ್ರ ನಿನ್ನ ಕಾಲಿಗೆ ತ್ರಾಸ ಆಗ್ತದಂತ ಹೇಳಿರಲಿಲ್ಲ."

ಸಾವಂತ್ರವ್ವ ಎರಡೂ ಕೈಯನ್ನು ನನ್ನ ಮೇಲಿಟ್ಟುಕೊಂಡು ಕೂತಳು. ಬಹಳ ಹೊತ್ತು ಅತ್ತಳು, ಮಗಳೂ ಅತ್ತಳು. ನಾನು ಲೋಹದವನು, ಆದರೂ ಆ ದಿನ ನನಗೆ ದುಃಖವಾಯಿತು. ಕೊನೆಗೆ ಸಾವಂತ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆ ಹಿಡಿಯದೆ ಎದ್ದು ನಿಂತಳು. ಗಂಡನನ್ನು ಕೇಳಿದಳು: "ಹಾವೇರಿ ಬಸ್ಸು ಎಷ್ಟಕ್ಕ ಅದ?"

ಅವನು ಟೈಮು ಹೇಳಿದ. "ಮುಂದಿನ ತಿಂಗಳದ್ದು ಕೇಳೀನಿ. ಅಷ್ಟರಾಗ ನಾ ನಡಿಯೂದು ಕಲೀಬೇಕು" ಎಂದಳು.

ಮೊದಲ ದಿನ ಓಣಿಯ ಲೈಟುಕಂಬದವರೆಗೆ ಹೋಗಿ ಏದುಸಿರು ಬಿಡುತ್ತ ವಾಪಸು ಬಂದಳು. ತೊಡೆಯ ಸ್ನಾಯು ಕಿರುಚಿಕೊಂಡಿತು. ನಾನು ಗಟ್ಟಿಯಾಗಿದ್ದೆ, ಜೊತೆಯವರೇ ದಣಿದಿದ್ದರು. ಎರಡನೆಯ ವಾರಕ್ಕೆ ಮಾರ್ಕೆಟ್ಟು, ಮೂರನೆಯದಕ್ಕೆ ಬಸ್‌ಸ್ಟ್ಯಾಂಡು. ಅಷ್ಟು ದಿನದ ಕೆಲಸವನ್ನು ನಾನು ಒಟ್ಟಿಗೆ ಮಾಡಿ ತೋರಿಸಿದೆ.

ಹಾವೇರಿಯ ಮನೆ ಮಹಡಿಯ ಮೇಲಿತ್ತು, ಹದಿನೆಂಟು ಮೆಟ್ಟಿಲು. ಸುನಂದಾ ಆಸ್ಪತ್ರೆಯಿಂದ ಬಂದ ದಿನದಿಂದ ಸಾವಂತ್ರವ್ವ ಆ ಮೆಟ್ಟಿಲನ್ನು ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ಬಿಸಿ ಸಾರು, ಅಂಟಿನ ಉಂಡೆ, ತಲೆಗೆ ಸುತ್ತುವ ಅರಿವೆ, ಒಂದನ್ನೂ ಬಿಡಲಿಲ್ಲ. ಹೊಲಿಗೆ ಮಾಗಿದ ಮೇಲೆ ಬಚ್ಚಲಲ್ಲಿ ಸ್ಟೂಲು ಹಾಕಿ ಮಗಳನ್ನು ಕೂರಿಸಿ, ಹಂಡೆಯ ನೀರು ತೋಡಿ ತೋಡಿ ಎರೆದಳು.

ಸುನಂದಾಗೆ ಸಂಕೋಚ. "ನಾ ಏನ ಹಡದೀನೇನವ್ವಾ, ಇಷ್ಟೆಲ್ಲಾ ಮಾಡಾಕ?"

"ಹೊಟ್ಟಿ ಕೊಯ್ಸಕೊಂಡೀಯಲ್ಲ, ನನಗ ಅಷ್ಟಽ ಸಾಕು. ಬಾಗು, ನೆತ್ತಿಗೆ ಎಣ್ಣಿ ಹಚ್ತೀನಿ."

ಆ ನಲವತ್ತು ದಿನ ನಾನು ನಡೆದಷ್ಟು ಹಿಂದಿನ ಮೂರು ವರ್ಷದಲ್ಲಿ ನಡೆದಿರಲಿಲ್ಲ. ಒಂದು ಸಲವೂ ಕೈಕೊಡಲಿಲ್ಲ. ಊರಿಗೆ ಮರಳಿದ ಮೇಲೂ ಅವಳು ಕೂರಲಿಲ್ಲ. ಅಟ್ಟದ ಪಾತ್ರೆಗಳ ಚೀಟಿ ಕಿತ್ತಳು, ಇಳಕಲ್ ಸೀರೆ ಉಟ್ಟಳು.

ಈಗ ನನಗೆ ಹತ್ತೊಂಬತ್ತು. ಫಕೀರಪ್ಪ ಹೋಗಿ ನಾಲ್ಕು ವರ್ಷವಾಯಿತು. ಸಾವಂತ್ರವ್ವ ಮಗಳ ಜೊತೆ ಹಾವೇರಿಯಲ್ಲಿದ್ದಾಳೆ, ಸಂಜೆ ಅವಳ ಜೊತೆ ಒಂದು ಸುತ್ತು ತಿರುಗಾಡುತ್ತಾಳೆ. ಕಳೆದ ವಾರ ಎಕ್ಸ್-ರೇ ತೆಗೆಸಿದರು. ಬಿಲ್ಲೆ ಒಂದು ಬದಿಗೆ ತೆಳ್ಳಗಾಗಿದೆ. ಆಗಲಿ, ದುಡಿದು ಸವೆದದ್ದು. ಈ ಸಲ ಡಾಕ್ಟರನ್ನು ಕೇಳಿದ್ದು ಸುನಂದಾ.

"ಇನ್ನ ಎಷ್ಟ ವರ್ಷ ಬರ್ತದ್ರಿ?"

"ಸದ್ಯಕ್ಕ ತ್ರಾಸಿಲ್ರಿ" ಎಂದಳು ಡಾಕ್ಟರು, ಸುನಂದಾಗಿಂತ ಚಿಕ್ಕವಳು. "ವರ್ಷಕ್ಕೊಮ್ಮೆ ತೋರಸ್ರಿ. ಬೇಕಾದ್ರ ಬದಲಿ ಹಾಕೂಣು."

ಸುನಂದಾ ತಲೆಯಾಡಿಸಿದಳು. ಹಿಡಿದಿದ್ದ ಅವ್ವನ ಕೈ ಮಾತ್ರ ಬಿಡಲಿಲ್ಲ. ನನಗಾದರೆ ಬದಲಿ ಸಿಗುತ್ತದೆ. ಅವಳಿಗಿದ್ದ ಹೆದರಿಕೆ ನನ್ನ ಬಗ್ಗೆ ಅಲ್ಲ, ಅವ್ವನ ಬಗ್ಗೆ. ಅದಕ್ಕೆ ಆ ಹುಡುಗಿ ಡಾಕ್ಟರ ಹತ್ತಿರ ಔಷಧಿ ಇರಲಿಲ್ಲ.

ಸಾವಂತ್ರವ್ವನಿಗೆ ತಿಳಿಯಿತೋ ಏನೋ. "ನಡಿ, ಲಿಫ್ಟ್ ಬ್ಯಾಡ" ಎಂದು ಎದ್ದಳು. ಮಗಳ ಕೈ ಹಿಡಿದುಕೊಂಡೇ ಮೆಟ್ಟಿಲಿಗೆ ಕಾಲಿಟ್ಟಳು. ನಾನು ಇಬ್ಬರನ್ನೂ ಇಳಿಸಿಕೊಂಡು ಹೋದೆ.