ಮೊಟ್ಟೆ ಒಡೆದ ಜಾಗ

ವಿಲೈ ಬೀಸಿ ಎಸೆದ ಮೂರನೆಯ ಮೊಟ್ಟೆ ಅಪಾಯ ಸೂಚಿಸುವ ಕೆಂಪು ಗೂಟಗಳ ಸಾಲನ್ನು ದಾಟಿ, ಇಳಿಜಾರಿನ ಕಲ್ಲೊಂದಕ್ಕೆ ಬಡಿದು ಒಡೆಯಿತು. ಮೊದಲಿನ ಎರಡು ದಾರಿಯಂಚಿನ ಹುಲ್ಲಿನಲ್ಲಿ ಉರುಳಿ ಹಾಗೆಯೇ ಉಳಿದಿದ್ದವು. ಮೊಟ್ಟೆ ಒಡೆದಲ್ಲೇ ಚಿತೆ. ಅದು ಸತ್ತವರು ಒಪ್ಪಿದ ನೆಲ.

“ನೋಡಿದ್ರಲ್ಲ ಮಾವ, ಅಮ್ಮ ಒಪ್ಪಿದ್ಳು. ಅಪ್ಪನ ಪಕ್ಕದಲ್ಲೇ.”

ಊರಿನ ಮುಖ್ಯಸ್ಥ ಥೊಂಗ್‌ಸೀ ಶವಪೆಟ್ಟಿಗೆಯ ಕಡೆ ನೋಡಲಿಲ್ಲ. “ಅವಳೆಲ್ಲಿ ಒಪ್ಪಿದ್ಳು? ನೀನು ಒಪ್ಪಿಸ್ದೆ. ಅಲ್ಲಿ ಬೆಂಕಿ ಹಾಕೋ ಹಾಗಿಲ್ಲ ಮಗಳೇ. ನೆಲ ಕಾದ್ರೆ ಒಳಗಿರೋ ಬೊಂಬಿ ಸುಮ್ನಿರಲ್ಲ. ನಿಮ್ಮಪ್ಪ ಹಚ್ಚಿದ್ದು ಗೆಣಸು ಸುಡೋವಷ್ಟು ಬೆಂಕಿ. ಇದು ಚಿತೆ.”

“ಅಮ್ಮ ಕೇಳಿದ್ದು ಅದೊಂದೇ.”

“ಕೇಳಿದ್ಳು. ಯಾರನ್ನ ಕೇಳ್ಲಿಲ್ಲ ಹೇಳು.”

* * *

ಯುದ್ಧಕಾಲದಲ್ಲಿ ವಿಮಾನಗಳು ಸುರಿದು ಹೋದ, ಸಿಡಿಯದೆ ಮಣ್ಣಿನಲ್ಲಿ ಉಳಿದ ಮುಷ್ಟಿಗಾತ್ರದ ಗುಂಡುಗಳೇ ಬೊಂಬಿಗಳು. ಅಂಥ ಒಂದಕ್ಕೆ ವಿಲೈಯ ಅಮ್ಮ ಬುವಾಲಾ ಗಂಡನನ್ನೂ ಎಡಗೈಯನ್ನೂ ಕಳೆದುಕೊಂಡಿದ್ದಳು. ಅವನನ್ನು ಬಿದ್ದಲ್ಲಿಯೇ ಹೂಳಿದ್ದರು. ಇವುಗಳನ್ನು ಜಗತ್ತೇ ನಿಷೇಧಿಸಬೇಕೆಂದು ಲಾವೋಸ್ ಪಟ್ಟು ಹಿಡಿದಾಗ, ಅವಳನ್ನು ರಾಜಧಾನಿಗೆ ಕರೆದೊಯ್ದು ರೇಷ್ಮೆ ಉಡಿಸಿ, ನಾನಾ ದೇಶಗಳ ಪ್ರತಿನಿಧಿಗಳೆದುರು ನಿಲ್ಲಿಸಿದರು. ಅವಳ ಮಾತು ಮುಗಿದಾಗ ಸಭೆ ಎದ್ದು ನಿಂತಿತು.

ಹೊರಗೆ ಬಂದವಳು ಒಬ್ಬ ಅಧಿಕಾರಿಯ ತೋಳು ಹಿಡಿದಳು. “ತಮ್ಮಾ, ನಮ್ಮ ಇಳಿಜಾರಿನ ಬೊಂಬಿ ತೆಗೆಯೋ ಸರದಿ ಯಾವಾಗ?”

“ಬರತ್ತೆ ಅಕ್ಕ. ಮೊದ್ಲು ಎಲ್ಲಾ ದೇಶಾನೂ ಸಹಿ ಹಾಕ್ಲಿ.”

“ಸುರಿದೋರು?”

“ಅವರಿನ್ನೂ ಹಾಕಿಲ್ಲ.”

ಊರಿಗೆ ಮರಳಿದ ಮೇಲೆ ತಂಗಿ ಪಾನಿ ಎಷ್ಟು ಕೆದಕಿದರೂ ಅವಳು ಹೇಳಿದ್ದಿಷ್ಟೇ: “ಸಾರು ಚೆನ್ನಾಗಿತ್ತು. ಅನ್ನ ಮಾತ್ರ ನಮ್ಮದರ ಹಾಗೆ ಅಂಟ್ತಿರಲಿಲ್ಲ.”

* * *

ವಿಲೈ ಗುದ್ದಲಿ ಎತ್ತಿಕೊಂಡು ಕೆಂಪು ಗೂಟದಾಚೆ ಒಂದು ಕಾಲಿಟ್ಟಳು. ಭಿಕ್ಷುಗಳ ಪಠಣ ನಿಂತಿತು.

“ಬೆಂಕಿ ತಾನೆ ಬೇಡ? ಹೂಳ್ತೀನಿ.”

ಯಾರೂ ಅಲುಗಲಿಲ್ಲ. ಅವಳನ್ನು ಎಳೆದರೆ ಅವಳ ಕಾಲು ಎಲ್ಲಿ ಊರೀತೋ. ಪಾನಿ ಮಾತ್ರ ಬಾಯೊಳಗಿನ ಎಲೆಯಡಿಕೆಯನ್ನು ಉಗುಳಿ, ಅಂಚಿನವರೆಗೂ ನಡೆದು ಬಂದಳು.

“ಅಗಿ. ಬೊಂಬಿಗೆ ಸತ್ತೋರನ್ನ ಸುಡಲ್ಲ, ಹೂಳ್ತಾರೆ. ಅಪ್ಪನ ಪಕ್ಕ ನಿನಗೇ ಜಾಗ ಸಿಗತ್ತೆ. ನಿಮ್ಮಮ್ಮ ಹಾಗೆ ಸಾಯಬಾರದೂಂತ ಇಷ್ಟು ವರ್ಷ ನೆಲ ನೋಡ್ಕೊಂಡೇ ನಡೆದ್ಲು. ಜ್ವರ ಬಂದು, ಹಾಸಿಗೇಲಿ, ಎಲ್ಲರ ಹಾಗೆ ಸತ್ಲು. ಅವಳು ಗಳಿಸಿದ್ದು ಅದೊಂದೇ ಕಣೇ. ಅದನ್ನೂ ಕಿತ್ಕೊಂಡು ಹೂಳ್ತೀಯಾ?”

ವಿಲೈ ಆ ಕಾಲನ್ನು ಈಚೆಗೆ ತೆಗೆದುಕೊಂಡಳು.

“ಹಾಗಾದ್ರೆ ಎಲ್ಲಿ?”

“ರಸ್ತೆ,” ಎಂದ ಥೊಂಗ್‌ಸೀ. “ಹೊರದೇಶದೋರು ನಮ್ಮನ್ನ ನೋಡೋಕೆ ಬಂದಾಗ, ಅವ್ರ ಕಾರಿಗೇಂತ ಜಲ್ಲಿಯಷ್ಟಗಲ ಮಾತ್ರ ಬೊಂಬಿ ಶೋಧಿಸಿ ತೆಗೆದ್ರಲ್ಲ. ಬೆಂಕಿ ತಡೆಯೋ ನೆಲ ಅಂತ ನಮಗಿರೋದು ಅದೇ.”

ಜಲ್ಲಿಯ ಮೇಲೆ ಮತ್ತೊಂದು ಮೊಟ್ಟೆ ಎಸೆದರು. ಕಲ್ಲಿಗೆ ಬಿದ್ದದ್ದು ಒಡೆಯದೆ ಇರುತ್ತದೆಯೇ? ಅಮ್ಮ ಒಪ್ಪಿದಳೆಂದು ಈ ಬಾರಿ ಯಾರೂ ಅನ್ನಲಿಲ್ಲ. ರಸ್ತೆಯ ನಡುವೆ ಸೌದೆ ಒಟ್ಟಿದರು, ಎಳನೀರಿನಲ್ಲಿ ಬುವಾಲಾಳ ಮುಖ ತೊಳೆದರು, ವಿಲೈ ಬೆಂಕಿಯಿಟ್ಟಳು.

ಊರಿನವರೆಲ್ಲ ಆ ಕಿರಿದಾದ ಜಲ್ಲಿಯ ಮೇಲೆ ಒಬ್ಬರ ಹಿಂದೊಬ್ಬರು ಒತ್ತಿಕೊಂಡು ನಿಂತರು. ಜ್ವಾಲೆ ಏರುತ್ತಿದ್ದಂತೆ ಗಾಳಿ ತಿರುಗಿ ಹೊಗೆ ನೇರವಾಗಿ ಸಾಲಿನ ಮೇಲೆಯೇ ಬಂತು. ಮುಂದಿದ್ದವರು ಕೆಮ್ಮಿದರು, ತಾಯಂದಿರು ಮಕ್ಕಳ ಮುಖವನ್ನು ಮೇಲುವಸ್ತ್ರದಲ್ಲಿ ಒತ್ತಿಕೊಂಡರು, ಮುದುಕರು ಕಣ್ಣು ಮುಚ್ಚಿ ನೀರು ಸುರಿಸಿದರು. ಪಕ್ಕಕ್ಕೆ ಮಾತ್ರ ಯಾರೂ ಸರಿಯಲಿಲ್ಲ.