ಅಮ್ಮೀಯ ಎಣ್ಣೆಗೆ ತಗಡಿನ ಅಳತೆ

ಹಳೇ ಹುಬ್ಬಳ್ಳಿಯ ಆ ಓಣಿಯಲ್ಲಿ ಅಖ್ತರಬೇಗಂ ಕಾಸುವ ತಲೆಎಣ್ಣೆಗೆ ಹೆಸರಿತ್ತು. ಆಕೆಯ ಹಟಕ್ಕೆ ಅದಕ್ಕಿಂತ ದೊಡ್ಡ ಹೆಸರಿತ್ತು. ಸಕ್ಕರೆ ಕಾಯಿಲೆ ಕಣ್ಣು ಕಸಿದುಕೊಂಡ ಮೇಲೆ ತೂಕದ ಯಂತ್ರದ ಅಂಕಿ ಕಾಣದಾಯಿತು. ಸೊಸೆ ನಿಶಾತ, "ನಾ ತೂಗಿ ಕೊಡ್ತೇನ್ರಿ ಅಮ್ಮೀ" ಎಂದರೆ ಮುದುಕಿ ಒಪ್ಪಬೇಕಲ್ಲ!

"ಇನ್ನೊಬ್ಬರ ಕಣ್ಣಿಲೆ ನಾ ಎಣ್ಣಿ ಮಾಡಂಗಿಲ್ಲ. ನನ್ನ ಕೈಗೆ ತಿಳಿಯೋ ಅಳತಿ ಕೊಡು. ಇಲ್ಲಂದ್ರ ಒಲಿ ಆರಸು."

ಒಲೆ ಆರಿದರೆ ಅತ್ತೆಯೂ ಮೂಲೆ ಹಿಡಿಯುತ್ತಾಳೆಂದು ನಿಶಾತಳಿಗೆ ಗೊತ್ತಿತ್ತು. ತಾಯಿಯಿಲ್ಲದೆ ಬೆಳೆದು ಈ ಮನೆಗೆ ಬಂದವಳಿಗೆ ಅದು ಬೇಡವಾಗಿತ್ತು.

ಅಮ್ಮೀಯ ಲೆಕ್ಕವೆಲ್ಲ ತೂಕದ್ದು: ಕೊಬ್ಬರಿ ಎಣ್ಣೆ ಏಳುನೂರು ಗ್ರಾಂ, ಔಡಲೆಣ್ಣೆ ಇನ್ನೂರು, ಬಾದಾಮಿ ಎಣ್ಣೆ ನೂರು. ನಿಶಾತ ತಗಡಿನ ಕೆಲಸದ ಲಾಲಸಾಬನ ಹತ್ತಿರ ಮೂರು ಡಬ್ಬಿ ಮಾಡಿಸಿದಳು. ನೀರು ತುಂಬಿ ತೂಗಿ, ಅಂಚಿಗೆ ಬಂದಾಗ ಅಷ್ಟೇ ಗ್ರಾಂ ಆಗುವಂತೆ ಕತ್ತರಿಸಿ ಕೊಟ್ಟ. ಅಂಚಿಗೆ ಬೆರಳಿಟ್ಟರೆ ಸಾಕು, ಕಣ್ಣಿನ ಹಂಗಿಲ್ಲ.

ಶುಕ್ರವಾರ ಅತ್ತೆ ತಾನೇ ಅಳೆದು, ತಾನೇ ಕಾಸಿ, ನೂರು ಮಿಲಿಯ ಹತ್ತು ಬಾಟಲಿ ತುಂಬಿದಳು. ಪಾತ್ರೆ ಬರಿದಾಯಿತು. ನಿಶಾತ ಹಿಗ್ಗಿ ಹೀರೇಕಾಯಿಯಾದಳು.

"ನೋಡ್ರಿ ಅಮ್ಮೀ, ಒಂದು ಹನಿ ಹೆಚ್ಚಿಲ್ಲ, ಕಡಿಮಿಲ್ಲ!"

ಅಖ್ತರಬೇಗಂ ಪಾತ್ರೆಯೊಳಗೆಲ್ಲ ಕೈಯಾಡಿಸಿದಳು. ಪ್ರತಿ ಸಲ ತಳದಲ್ಲಿ ಒಂದಿಷ್ಟು ಉಳಿಯುತ್ತಿತ್ತು, ಅದನ್ನು ಸೊಸೆಯ ತಲೆಗೆ ತಿಕ್ಕುವುದು ರೂಢಿ. ಇವತ್ತು ಬೆರಳಿಗೆ ಬರೀ ಜಿಡ್ಡು.

"ಉಳದೇ ಇಲ್ಲ. ನನ್ನ ಕೈ ಕೆಟ್ಟೇತಿ. ಇನ್ನ ಸಾಕು ಬಿಡವಾ" ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ನಿಶಾತ ಡಬ್ಬಿ ತೊಳೆಯಲೆಂದು ಬಕೆಟ್ಟಿನಲ್ಲಿ ಅದ್ದಿದಳು. ಎಣ್ಣೆ ನೀರಿನ ಮೇಲೆ ತೇಲಿ ನಿಂತಿತು. ನೋಡುತ್ತ ನೋಡುತ್ತ ಹಣೆ ಬಡಿದುಕೊಂಡಳು. ತೇಲುವ ಎಣ್ಣೆ ನೀರಿಗಿಂತ ಹಗುರ. ನೀರು ತೂಗಿ ಮಾಡಿದ ಡಬ್ಬಿಯಲ್ಲಿ ಎಣ್ಣೆಯ ತೂಕ ಸಾಲುವುದಾದರೂ ಹೇಗೆ? ತಪ್ಪಿದ್ದು ಅಮ್ಮೀಯ ಕೈಯಲ್ಲ, ತನ್ನ ಜಾಣತನ!

ಮತ್ತೆ ಲಾಲಸಾಬನ ಅಂಗಡಿಗೆ ಓಡಿದಳು. ಈ ಸಲ ಎಣ್ಣೆಯನ್ನೇ ತೂಗಿದರು. ಒಂದೊಂದು ಎಣ್ಣೆ ಒಂದೊಂದು ಎತ್ತರ ಕೇಳಿತು. ಅಷ್ಟಕ್ಕೆ ತಗಡು ಬೆಸೆದು ಅಂಚು ಏರಿಸಿದ.

ಮುಂದಿನ ಶುಕ್ರವಾರ ಕಾಡಿ ಬೇಡಿ ಅತ್ತೆಯನ್ನು ಒಲೆಯ ಮುಂದೆ ಕೂಡ್ರಿಸಿದಳು. ಹತ್ತು ಬಾಟಲಿ ತುಂಬಿದವು. ಅಖ್ತರಬೇಗಂ ಪಾತ್ರೆಗೆ ಕೈ ಹಾಕಿದಳು, ಬೆರಳು ಮುಳುಗಿದವು. ಮುಖ ಅರಳಿತು.

"ಉಳದಿದ್ದನ್ನ ಸಣ್ಣ ಬಾಟ್ಲಿಗೆ ಹಾಕ್ಲೇನ್ರಿ?"

"ಹುಚ್ಚಿ, ಅದು ಉಳದಿದ್ದಲ್ಲ. ನೀ ಬರೂ ತನಕ ಕೊಬ್ಬರಿ ಎಣ್ಣಿ ಏಳುನೂರು ಹಾಕ್ತಿದ್ದಿಲ್ಲ ನಾ. ತಾಯಿಲ್ಲದ ಹುಡುಗಿ, ತಲಿ ಒಣಗೇತಿ ಅಂತ ನಿನ್ನ ಪಾಲು ಸೇರಿಸಿದೆ. ಬಾ, ಕೂಡು."

ನಿಶಾತ ಬೆನ್ನು ಮಾಡಿ ಕೂತಳು. ಅತ್ತೆಗೆ ಹೇಗೂ ಕಾಣುವುದಿಲ್ಲವೆಂದು ಸದ್ದಿಲ್ಲದೆ ಮನಸಾರೆ ಅತ್ತಳು.

"ತಲಿ ಅಲುಗಾಡಸಬ್ಯಾಡ" ಎಂದಳು ಅಮ್ಮೀ, "ಎಣ್ಣಿ ಚೆಲ್ಲಾಕತ್ತೇತಿ."