ಗೋಡೆ ಬದಿಯ ಕೊಂಬೆ

ನಗರದ ಆಡಳಿತವನ್ನೇ ಅಲುಗಾಡಿಸಿದ ಆ ಘಟನೆ ನಡೆದದ್ದು ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ. ದೊಡ್ಡ ಸಾಹೇಬರ ಬಂಗಲೆಯ ಎರಡನೇ ಮಹಡಿಯ ಬಚ್ಚಲುಮನೆಯೊಳಕ್ಕೆ ಒಂದು ಎಲೆ ಬಂದು ಬಿತ್ತು. ಮಳೆಮರದ ಎಲೆ, ಹೆಬ್ಬೆರಳಿನ ಉಗುರಿಗಿಂತ ದೊಡ್ಡದಲ್ಲ. ಬಿದ್ದದ್ದು ಮಾತ್ರ ಸಾಹೇಬರ ಬ್ರಷ್ಷಿನ ಮೇಲೆ, ಪೇಸ್ಟು ಹಚ್ಚಿಕೊಂಡು ಅವರು ಕನ್ನಡಿ ನೋಡುತ್ತಿದ್ದ ಹೊತ್ತಿನಲ್ಲಿ. ಒಂಬತ್ತಕ್ಕೆ ಕಡತ ತೆರೆಯಿತು. ಹನ್ನೊಂದಕ್ಕೆ ಅದರ ಮೇಲೆ ನಾಲ್ಕು ಸಹಿಗಳಿದ್ದವು. ನಮ್ಮ ಬೀದಿಯ ನಲ್ಲಿ ಒಣಗಿ ಎರಡು ವರ್ಷವಾಗಿತ್ತು. ಅದರ ಕಡತಕ್ಕೆ ಇನ್ನೂ ದಾರ ಕಟ್ಟುವವರು ಸಿಕ್ಕಿರಲಿಲ್ಲ.

ಮರುದಿನ ಬೆಳಗ್ಗೆ ಆ ಮರ ಸವರಲು ಅಕ್ಕ, ಭಾವ, ನಾನು ಮೂವರೂ ಬಂಗಲೆಯ ಗೇಟಿನಲ್ಲಿ ನಿಂತಿದ್ದೆವು.

"ಏಯ್, ಚಪ್ಪಲಿ ಆಚೆ ಬಿಡ್ರೋ! ಇದು ಬಂಗಲೆ, ನಿಮ್ಮಪ್ಪನ ಗುಡಿಸಲಲ್ಲ," ಎಂದ ಮೇಸ್ತ್ರಿ.

"ಹುಲ್ಲಲ್ಲಿ ಹಾವು ಗೀವು ಇದ್ರೆ?" ಎಂದ ಭಾವ.

"ಹಾವಿಗೂ ಮರ್ಯಾದೆ ಗೊತ್ತು ಕಣೋ. ಸಾಹೇಬ್ರ ಕಾಂಪೌಂಡಲ್ಲಿ ಯಾರನ್ನೂ ಕಚ್ಚಲ್ಲ."

ಹೀಗೆಂದು ಮೇಸ್ತ್ರಿ ನಮ್ಮ ಮೂರೂ ಕಾರ್ಡುಗಳನ್ನು ಇಸಿದುಕೊಂಡು ಅಂಗಿಯ ಜೇಬಿಗೆ ಇಳಿಸಿದ. ಕೆಲಸ ಮುಗಿಯುವ ತನಕ ಅವು ಅಲ್ಲೇ ಇರುವುದು ಪದ್ಧತಿ. ಆ ಕಾರ್ಡಿಲ್ಲದೆ ಈ ನಗರದಲ್ಲಿ ಯಾವನೂ ಯಾವ ಮರವನ್ನೂ ಮುಟ್ಟುವಂತಿಲ್ಲ. ಕೊಡಿಸುವವನೂ ಮೇಸ್ತ್ರಿಯೇ, ಕಿತ್ತುಕೊಳ್ಳುವವನೂ ಮೇಸ್ತ್ರಿಯೇ.

ಮರ ಹತ್ತುವವನು ಭಾವ. ಕೆಳಗೆ ನಿಂತು ಅವನ ಹಗ್ಗ ಹಿಡಿಯುವವಳು ಅಕ್ಕ. ಬಿದ್ದ ಕೊಂಬೆಯನ್ನು ತುಂಡರಿಸಿ ಎಳೆದು ರಾಶಿ ಹಾಕುವವನು ನಾನು. ಗಂಡನ ಜುಟ್ಟು ಹೆಂಡತಿಯ ಕೈಯಲ್ಲಿದೆ ಎನ್ನುವುದು ಬೇರೆ ಮನೆಗಳಲ್ಲಿ ತಮಾಷೆಯ ಮಾತು. ನಮ್ಮ ಮನೆಯಲ್ಲಿ ಅವನ ಜೀವವೇ ಅವಳ ಕೈಯಲ್ಲಿರುತ್ತದೆ, ದಿನಕ್ಕೆ ಎಂಟು ಗಂಟೆ. ಗರಗಸ, ಬಿದಿರ ಗಳು, ಬಿರುಕುಬಿಟ್ಟ ಹೆಲ್ಮೆಟ್ಟು ಎಲ್ಲ ಮೇಸ್ತ್ರಿಯವು. ಹಗ್ಗ ಮತ್ತು ಅಕ್ಕನ ಸೊಂಟದ ಮಚ್ಚು ಮಾತ್ರ ನಮ್ಮವು.

ಭಾವ ಕೊಡಲಿಯ ಹಿಂಬದಿಯಿಂದ ಮರವನ್ನು ತಟ್ಟುತ್ತಾ ಒಂದು ಸುತ್ತು ಬಂದ. ಆಳೆತ್ತರದಲ್ಲಿ ಮರ ಎರಡು ದೊಡ್ಡ ಕೊಂಬೆಗಳಾಗಿ ಕವಲೊಡೆದಿತ್ತು: ಒಂದು ಬಂಗಲೆಯ ಕಿಟಕಿಯ ಕಡೆಗೆ, ಇನ್ನೊಂದು ಹಿಂದಿನ ಕಾಂಪೌಂಡು ಗೋಡೆಯ ಕಡೆಗೆ. ಏಣಿ ಇಟ್ಟು ಎರಡನ್ನೂ ತಟ್ಟಿದ. ಕಿಟಕಿ ಬದಿಯದು ಠಣ್ ಎಂದಿತು. ಗೋಡೆ ಬದಿಯದು ಖಾಲಿ ಎಣ್ಣೆಡಬ್ಬದ ಹಾಗೆ ಡಬ್ ಎಂದಿತು. ಅದರ ಬುಡದಲ್ಲಿ ಅಂಗೈಯಗಲದ ನಾಯಿಕೊಡೆಗಳು ಒಂದರ ಮೇಲೊಂದು ಕೂತಿದ್ದವು.

"ಗೋಡೆ ಕಡೇದು ಟೊಳ್ಳು. ಕಿಟಕಿ ಕಡೆಯಿಂದ ಹತ್ತಿ, ಆ ಕೊಂಬೆಗೇ ಹಗ್ಗ ಕಟ್ಕೊಂಡು ತುದಿ ಸವರ್ತೀನಿ. ಒಂದ್ ಗಂಟೆ ಕೆಲಸ," ಎಂದ ಭಾವ.

"ಟೊಳ್ಳು ಅನ್ನೋಕೆ ನೀನ್ಯಾವ ಡಾಕ್ಟ್ರೋ? ಇಲಾಖೆ ಪರೀಕ್ಷಕರು ನೋಡಿದಾರೆ. ಮರ ಆರೋಗ್ಯವಾಗಿದೆ ಅಂತ ಬರೆದಿದಾರೆ."

ಪರೀಕ್ಷಕರು ನೋಡಿದ್ದು ನಿಜ. ಅರ್ಧ ಗಂಟೆಯ ಹಿಂದೆ ಅವರ ಜೀಪು ಒಳಗೆ ಬಂದಿತ್ತು. ಗಾಜು ನಾಲ್ಕು ಬೆರಳು ಕೆಳಗಿಳಿದಿತ್ತು. ಅಷ್ಟರಲ್ಲಿ ಎಷ್ಟು ಮರ ಕಾಣುತ್ತದೋ ಅಷ್ಟು ಮರವನ್ನು ಪರೀಕ್ಷಿಸಿ, ಸಹಿ ಮಾಡಿ, ಗಾಜು ಏರಿಸಿ, ತಂಪಾಗಿ ಕೂತಿದ್ದರು.

ಬಾಲ್ಕನಿಯಲ್ಲಿ ಅಮ್ಮಾವರು ಕಾಣಿಸಿಕೊಂಡರು, ಒದ್ದೆ ತಲೆಗೆ ಟವೆಲು ಸುತ್ತಿಕೊಂಡು. "ಮೇಸ್ತ್ರಿ, ಇವರು ಈ ಕಡೆಯಿಂದ ಹತ್ತೋ ಹಾಗಿಲ್ಲ. ಬಾತ್‌ರೂಮು ಕಾಣತ್ತೆ."

"ಒಂದ್ ಗಂಟೆ ಕಿಟಕಿ ಮುಚ್ಕೊಂಡ್ರೆ ಆಯ್ತಲ್ಲಮ್ಮ," ಎಂದಳು ಅಕ್ಕ.

"ನಮ್ಮನೆ ಕಿಟಕಿ ನಾವ್ಯಾಕೆ ಮುಚ್ಕೋಬೇಕು? ಇದೊಳ್ಳೇ ಕತೆ ಆಯ್ತು."

ಭಾವನಿಗೆ ಬಾಯಿ ಚಪಲ. "ಹಂಗಾದ್ರೆ ಕಣ್ಣಿಗೆ ಬಟ್ಟೆ ಕಟ್ಕೊಂಡು ಹತ್ಲಾ ಅಮ್ಮಾ?" ಎಂದುಬಿಟ್ಟ.

ಅಮ್ಮಾವರು ನಗಲಿಲ್ಲ. ಯೋಚಿಸಿದರು. "ಹಾಗೂ ಆಗತ್ತಾ?" ಎಂದು ಮೇಸ್ತ್ರಿಯನ್ನು ಕೇಳಿದರು.

ಮೇಸ್ತ್ರಿಯೂ ಯೋಚಿಸಿದ. ಭಾವನ ಹೆಗಲ ಮೇಲಿದ್ದ ಟವೆಲನ್ನು ಎಳೆದು, ಉದ್ದಕ್ಕೆ ಮಡಚಿ, ಅಳತೆ ನೋಡುವವನ ಹಾಗೆ ಅವನ ಕಣ್ಣಿಗೆ ಹಿಡಿದ. ಭಾವ ಅಲ್ಲಾಡದೆ ನಿಂತ. ಇಪ್ಪತ್ತು ವರ್ಷ ಮರ ಹತ್ತಿದ ಮನುಷ್ಯ, ಅಷ್ಟು ಹೊತ್ತು ಹಾಗೇ ನಿಂತಿದ್ದ. ಅಕ್ಕ ಬಂದು ಟವೆಲು ಕಿತ್ತುಕೊಂಡಳು.

"ಆಯ್ತು ಬಿಡಿ, ಗೋಡೆ ಕಡೆಯಿಂದ ಹತ್ತಿಸ್ತೀನಿ," ಎಂದ ಮೇಸ್ತ್ರಿ ಮೇಲಕ್ಕೆ ನೋಡಿ. "ಆ ಕೊಂಬೆ ಮೇಲೆ ಕೂತು, ಗಳುವಿನ ಗರಗಸ ಚಾಚಿ ಈ ಕಡೇದು ಕೊಯ್ತಾನೆ. ಮಧ್ಯ ಎಲೆ ಮರೆ ಇರತ್ತೆ, ಅಮ್ಮಾವ್ರೇ."

"ಎಲೆ ಕೊಯ್ಯಾಕೇ ಅಲ್ವಾ ನಮ್ಮನ್ನ ಕರೆಸಿರೋದು?" ಎಂದಳು ಅಕ್ಕ.

"ಬಾಯ್ಮುಚ್ಚೇ, ಮುಂಡೇದೇ."

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ಹತ್ತುವ ಮೊದಲು ಕೊಂಬೆಯ ಮೇಲಿಂದ ಹಗ್ಗ ಹಾಯಿಸಿ, ಮೂರು ಜನ ಜೋತಾಡಿ ನೋಡಬೇಕು. ಕೊಂಬೆ ಗಟ್ಟಿ ಎಂದು ಯಾರು ಹೇಳುತ್ತಾರೋ ಅವರೇ ಮೊದಲು ಜೋತಾಡಬೇಕು. ನಮ್ಮಪ್ಪ ಒಂದೇ ಒಂದು ಸಲ ಈ ಕಟ್ಟಳೆ ಬಿಟ್ಟು, ಪರೀಕ್ಷಕರ ಕಾಗದ ನಂಬಿ ಹತ್ತಿ, ಬಿದ್ದಿದ್ದ. ಜೀವಮಾನದಲ್ಲಿ ಹೆಂಡ ಮುಟ್ಟದಿದ್ದ ಮನುಷ್ಯ, ಸತ್ತ ಮೇಲೆ ವರದಿಯಲ್ಲಿ ಗಂಟಲಮಟ್ಟ ಕುಡಿದಿದ್ದ.

ಗೋಡೆ ಬದಿಯ ಕೊಂಬೆಯ ಮೇಲಿಂದ ಹಗ್ಗ ಹಾಯಿಸಿ ನಾವು ಮೂವರು ಜೋತುಬಿದ್ದೆವು. ಒಳಗೆಲ್ಲೋ ಹಳೆಯ ಬಾಗಿಲಿನ ಹಾಗೆ ಕಿರ್ರೆಂದಿತು. ಅಕ್ಕನ ತಲೆಗೂದಲ ಮೇಲೆ ಕಂದು ಪುಡಿ ಉದುರಿತು. ಅವಳು ಅದನ್ನು ಬೆರಳಲ್ಲಿ ತೆಗೆದು ಮೇಸ್ತ್ರಿಗೆ ತೋರಿಸಿದಳು. ಮರ ಒಳಗಿನಿಂದ ಹಿಟ್ಟಾಗಿತ್ತು.

"ಆಗಲ್ಲ," ಎಂದಳು.

"ಆಗಲ್ಲ ಅನ್ನೋಕೆ ನಿಮ್ಮನ್ನ ಕರೆಸಿಲ್ಲ. ಏನೋ ಬೋಳಿಮಗನೇ, ಹೆಂಡತಿ ಹಿಂದೆ ಅವಿತ್ಕೊಂಡಿದೀಯಾ? ಬಳೆ ತೊಡಿಸ್ಲಾ?"

ಅಕ್ಕ ನೇರ ಜೀಪಿನ ಹತ್ತಿರ ಹೋಗಿ ಗಾಜು ತಟ್ಟಿದಳು, ಭಾವ ಮರ ತಟ್ಟಿದ ಹಾಗೆಯೇ. ಗಾಜು ನಾಲ್ಕು ಬೆರಳು ಇಳಿಯಿತು.

"ಸ್ವಾಮಿ, ಮರ ಗಟ್ಟಿ ಅಂದವರು ನೀವು. ಒಂದ್ ಸಲ ಬಂದು ಹಗ್ಗ ಹಿಡ್ಕೊಂಡು ಜೋತಾಡಿ. ನೆಲದಿಂದ ಒಂದು ಗೇಣು, ಅಷ್ಟೇ. ನೀವು ಜೋತಾಡಿದ್ರೆ ನನ್ನ ಗಂಡ ಹತ್ತುತ್ತಾರೆ."

ಪರೀಕ್ಷಕರಿಗೆ ಸಿಟ್ಟು ಬರಲಿಲ್ಲ, ಆಶ್ಚರ್ಯವಾಯಿತು. "ನಾನು ಬರೆಯೋನಮ್ಮ, ಜೋತಾಡೋನಲ್ಲ," ಎಂದರು ಸಮಾಧಾನವಾಗಿಯೇ. ಆಮೇಲೆ ಗಾಜಿನ ಸಂದಿಯಿಂದ ಒಂದು ಕಾಗದ ಹೊರಚಾಚಿ ಮೇಸ್ತ್ರಿಯನ್ನು ಕರೆದರು. "ಇದಕ್ಕೊಂದು ಹೆಬ್ಬೆಟ್ಟು ಹಾಕಿಸ್ಕೊಳ್ಳಿ. ಇವತ್ತೇ ಮುಗಿಸಿ. ಸಾಹೇಬ್ರು ಎರಡು ಸಲ ಫೋನ್ ಮಾಡಿದ್ರು."

ಕಾಗದದಲ್ಲಿ ಏನಿದೆಯೆಂದು ನಾನು ಜೋರಾಗಿ ಓದಿದೆ. 'ಸದರಿ ಮರವನ್ನು ನಾನು ಸ್ವಇಚ್ಛೆಯಿಂದ, ಸ್ವಂತ ಹೊಣೆಯ ಮೇಲೆ ಹತ್ತುತ್ತಿದ್ದು, ಮುಂದೆ ಒದಗಬಹುದಾದ ಯಾವುದೇ ಹಾನಿಗೆ ಇಲಾಖೆಯಾಗಲಿ ಗುತ್ತಿಗೆದಾರರಾಗಲಿ ಜವಾಬ್ದಾರರಲ್ಲ.' ಅಕ್ಷರ ದುಂಡಗಿತ್ತು. ಮೊದಲೇ ಅಚ್ಚು ಹಾಕಿಸಿ ಇಟ್ಟುಕೊಂಡಿದ್ದರು. ಹೆಸರಿನ ಜಾಗ ಮಾತ್ರ ಖಾಲಿ.

"ಓದೋಕೆ ಹೇಳಿದ್ನೇನೋ ನಿಂಗೆ? ದೊಡ್ಡ ಲಾಯರು!" ಮೇಸ್ತ್ರಿ ನನ್ನ ಕೆನ್ನೆಗೆ ಬಿಟ್ಟ. ಜೇಬಿನಿಂದ ಮೂರೂ ಕಾರ್ಡು ತೆಗೆದು ಇಸ್ಪೀಟಿನೆಲೆಯ ಹಾಗೆ ಬಿಚ್ಚಿ ಹಿಡಿದ. "ನೋಡ್ರೋ, ಮಾತು ಸಾಕು. ಹತ್ತಿದ್ರೆ ಇವು ವಾಪಸ್ಸು. ಇಲ್ಲಾಂದ್ರೆ ಈಗ್ಲೇ ಹರಿದು ಮೋರಿಗೆ. ಆಮೇಲೆ ಹುಣಸೆಗಿಡದ ಕಡ್ಡೀನೂ ಮುಟ್ಟೋಕೆ ಬಿಡಲ್ಲ ನಿಮ್ಮನ್ನ. ಹತ್ತೋಕೆ ಬೇರೆ ನಾಯಿಗಳು ಬೇಕಾದಷ್ಟು ಬಿದ್ದಿವೆ."

ಭಾವ ಸೊಂಟದ ಪಟ್ಟಿ ಬಿಗಿದುಕೊಂಡ. ಹೆಬ್ಬೆರಳನ್ನು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿ, ಚಡ್ಡಿಗೆ ಒರೆಸಿಕೊಂಡ.

"ರೀ," ಎಂದಳು ಅಕ್ಕ.

"ಒಂದ್ ಸಲ ಕಣೇ. ಭಾರ ಬಿಡಲ್ಲ ನಾನು. ಹಗೂರಕ್ಕೆ ಕೂತು, ನಾಲ್ಕು ಕೊಯ್ದು, ಇಳಿದುಬಿಡ್ತೀನಿ."

"ಹಗೂರಕ್ಕೆ ಕೂರ್ತೀರಾ? ಗುಬ್ಬಿ ನೋಡಿ ನೀವು."

"ಕಾರ್ಡು ಹೋದ್ರೆ ಏನ್ ಮಾಡಣ? ಹೇಳು ನೀನೇ. ನಂಗಿನ್ನೇನ್ ಬರತ್ತೆ?"

ಭಾವ ನನ್ನ ಕಡೆ ತಿರುಗಿ, "ಲೋ ಭಾಮೈದ, ಗಳು ತಯಾರಿಟ್ಕೋ," ಎಂದು ಹಗ್ಗವನ್ನು ಪಟ್ಟಿಯ ಕೊಂಡಿಗೆ ಸಿಕ್ಕಿಸಿ, ಒಂದು ಕಾಲನ್ನು ಬೊಡ್ಡೆಗೆ ಒತ್ತಿ ನಿಂತ. ಹಗ್ಗದ ಇನ್ನೊಂದು ತುದಿ ಅಭ್ಯಾಸದಂತೆ ಅಕ್ಕನ ಸೊಂಟ ಸುತ್ತಿ ಅವಳ ಕೈಯಲ್ಲಿತ್ತು. ಅವಳು "ಹೂಂ" ಎನ್ನದೆ ಭಾವ ಎರಡನೇ ಕಾಲು ಎತ್ತುವವನಲ್ಲ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಎತ್ತಿದವನಲ್ಲ.

ಅವಳು ಹೂಂ ಎನ್ನಲಿಲ್ಲ. ಸೊಂಟದಿಂದ ಮಚ್ಚು ತೆಗೆದಳು. ಮರದ ಬೇರಿನ ಮೇಲೆ ಹಗ್ಗವನ್ನು ಇಟ್ಟು, ಕೋಳಿಯ ಕತ್ತು ಕತ್ತರಿಸುವ ಹಾಗೆ ಒಂದೇ ಏಟು ಹಾಕಿದಳು. ಎರಡನೇ ಏಟು, ಮೂರನೇ ಏಟು. ಮಾರುದ್ದಕ್ಕೊಂದು ತುಂಡು. ಕೊನೆಗೆ ಭಾವನ ಪಟ್ಟಿಯಿಂದ ನೇತಾಡುತ್ತಿದ್ದದ್ದನ್ನೂ ಮೊಣಕಾಲಿನ ಹತ್ತಿರ ಹಿಡಿದು ಕೊಯ್ದಳು. ಗಂಟು ಹಾಕಿದ ಹಗ್ಗದ ಮೇಲೆ ನಮ್ಮಲ್ಲಿ ಯಾರೂ ಮರ ಹತ್ತುವುದಿಲ್ಲ. ಅದು ಮೇಸ್ತ್ರಿಗೂ ಗೊತ್ತು.

"ಈಗ ಹತ್ತಿಸು," ಎಂದಳು ಅವನಿಗೆ. ಏಕವಚನದಲ್ಲಿ.

ಮೇಸ್ತ್ರಿ ಅವಳ ತಾಯಿಯಿಂದ ಹಿಡಿದು ಹುಟ್ಟದ ಮಕ್ಕಳ ತನಕ ಎಲ್ಲರನ್ನೂ ಬೈದ. ಮಚ್ಚು ಅವಳ ಕೈಯಲ್ಲೇ ಇದ್ದುದರಿಂದ ನಾಲ್ಕು ಹೆಜ್ಜೆ ದೂರ ನಿಂತು ಬೈದ. ಕಾರ್ಡುಗಳನ್ನು ಒಂದೊಂದಾಗಿ ಹರಿದ. ಭಾವ ಹಗ್ಗದ ತುಂಡುಗಳನ್ನು ಆರಿಸತೊಡಗಿದ. "ಬಿಡ್ರಿ ಅವನ್ನ," ಎಂದಳು ಅಕ್ಕ. ಅವನು ಬಿಡಲಿಲ್ಲ. ಎಲ್ಲವನ್ನೂ ಆರಿಸಿ ಟವೆಲಿನಲ್ಲಿ ಕಟ್ಟಿಕೊಂಡ. ಮನೆ ತಲುಪುವ ತನಕ ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ.

ಮಾರನೆಯ ಬೆಳಗ್ಗೆ ಅಕ್ಕ ನನ್ನನ್ನು ಎಬ್ಬಿಸಿಕೊಂಡು ಮತ್ತೆ ಆ ಗೇಟಿಗೆ ಹೋದಳು. ಹೊಸ ತಂಡ ಆಗಷ್ಟೇ ಲಾರಿಯಿಂದ ಇಳಿಯುತ್ತಿತ್ತು. ಹತ್ತುವವನು ನನ್ನ ವಯಸ್ಸಿನವನೇ. ಹೊಸ ಹಗ್ಗವನ್ನು ಹೆಗಲಿಗೆ ಸುತ್ತಿಕೊಂಡಿದ್ದ.

"ತಮ್ಮಾ, ಗೋಡೆ ಬದಿ ಕೊಂಬೆ ಹತ್ಬೇಡ. ಒಳಗೆಲ್ಲ ಹಿಟ್ಟಾಗಿದೆ. ನಾವು ಜೋತಾಡಿ ನೋಡಿದೀವಿ."

ಅವನು ನಿಂತು ಪೂರ್ತಿ ಕೇಳಿಸಿಕೊಂಡ. "ಆಮೇಲೆ ನಿಮ್ ಕಾರ್ಡು ಏನಾಯ್ತಕ್ಕಾ?" ಎಂದ.

"ಹರಿದು ಹಾಕ್ದ."

ಅವನು ಅವಳ ಮುಖ ನೋಡಿದ, ನನ್ನ ಮುಖ ನೋಡಿದ. "ನಂದು ಬಂದು ಇನ್ನೂ ತಿಂಗಳಾಗಿಲ್ಲ," ಎಂದು ಒಳಗೆ ಹೋದ.

ಹನ್ನೊಂದು ಗಂಟೆಗೆ ಗೋಡೆ ಬದಿಯ ಕೊಂಬೆ ಬಿತ್ತು, ಅವನ ಸಮೇತ.